ಗುಂಡಿ ತೋಡುವವನಿಗೊಂದು ಗುಂಡಿ

ಗುದ್ರುನ್ ಬ್ರೆಕ್ಕೆ ಕೊನೆಗೆ ಪಾದ್ರಿಯನ್ನು ಕ್ಷಮಿಸಿಬಿಟ್ಟಳು ಎಂದು ನಮ್ಮೂರಿನವರು ಈಗ ಹೇಳಿಕೊಂಡು ತಿರುಗುತ್ತಾರೆ. ಅವಳು ತೀರಿಕೊಂಡ ಮೇಲಂತೂ ಈ ಕತೆಗೆ ಬೆಣ್ಣೆ ಹಚ್ಚುವವರು ಹೆಚ್ಚಾಗಿದ್ದಾರೆ. ಕೇಳಿದಾಗೆಲ್ಲ ನನಗೆ ಮೈ ಉರಿಯುತ್ತದೆ. ಅವಳು ಯಾರನ್ನೂ ಕ್ಷಮಿಸಲಿಲ್ಲ. ಸೇಡು ತೀರಿಸಿಕೊಂಡಳು, ಅದೂ ಹಾಡಹಗಲಲ್ಲಿ, ಎಲ್ಲರ ಕಣ್ಣೆದುರಿಗೆ. ನಾನು ಸೆಲ್ಮಾ, ಅವಳ ಪಕ್ಕದ ಹೊಲದವಳು. ಆ ಸೇಡಿನಲ್ಲಿ ನನ್ನದೂ ಒಂದು ಸನಿಕೆ ಇತ್ತು. ಹಾಗಾಗಿ ನನ್ನ ಮಾತು ಕೇಳಿ.

ನಮ್ಮದು ಅಮೆರಿಕದ ಮಿನೆಸೋಟಾದ ಪಡುವಣ ಅಂಚು. ಗೋಧಿ, ಬೀಟ್ ಗೆಡ್ಡೆ, ಮತ್ತೆ ಬರೀ ಗಾಳಿ. ನಾರ್ವೆಯಿಂದ ಬಂದ ಅಜ್ಜಂದಿರು ಕಟ್ಟಿದ ಲುಥೆರನ್ ಪಂಥದ ಚರ್ಚು ಊರ ಹೊರಗಿನ ದಿಬ್ಬದ ಮೇಲಿದೆ. ಮೇಲಿನ ಅಂತಸ್ತು ದೇವರದು, ನೆಲಮಾಳಿಗೆ ಗುದ್ರುನಳದು ಎಂದು ನಾವೆಲ್ಲ ನಗುತ್ತಿದ್ದೆವು. ಊರಲ್ಲಿ ಯಾರಾದರೂ ಸತ್ತರೆ, ಮೇಲೆ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಕೆಳಗೆ ಊಟ ತಯಾರಿರಬೇಕು. ಮಾಂಸ, ಆಲೂಗಡ್ಡೆ, ಬಟಾಣಿ ಸೇರಿಸಿ ಬೇಯಿಸಿದ ಅಗಲ ಪಾತ್ರೆಗಳು, ಬೆಣ್ಣೆ ಸಕ್ಕರೆ ಸವರಿ ಸುತ್ತಿಟ್ಟ ಆಲೂಗಡ್ಡೆಯ ತೆಳು ರೊಟ್ಟಿ, ಮೊಟ್ಟೆ ಒಡೆದು ಹಾಕಿ ಕುದಿಸಿದ ಕಾಫಿ. ಮೊಟ್ಟೆ ಹಾಕಿದರೆ ಕಾಫಿಯ ಕಹಿಯೆಲ್ಲ ತಳ ಸೇರುತ್ತದೆ. ಹಾಕದೆ ಕಾಯಿಸಿದ್ದನ್ನು ಗುದ್ರುನ್ ‘ಹೋಟೆಲಿನ ನೀರು’ ಎನ್ನುತ್ತಿದ್ದಳು. ಐವತ್ತರ ದಶಕದ ಮಾತು ಇದು. ಆಗ ನಮ್ಮಲ್ಲಿ ಹೆಂಡತಿ, ಗಂಡ, ಮಕ್ಕಳನ್ನು ಕಳೆದುಕೊಂಡವರೆಲ್ಲ ಅವಳ ಕಾಫಿ ಕುಡಿದೇ ಕಣ್ಣೊರೆಸಿಕೊಂಡವರು.

ಅವಳ ಗಂಡ ಆರ್ವಿಡ್ ಸತ್ತವರಿಗೆ ಗುಂಡಿ ತೋಡುವವನು. ಅದು ಅವನ ಕಸುಬಲ್ಲ, ಅವನಿಗೂ ಹೊಲ ಇತ್ತು. ಅವರ ಒಬ್ಬಳೇ ಮಗಳು ಇಂಗಾ ಗಂಟಲುಮಾರಿಯಲ್ಲಿ ಹೋದಾಗ ಅವಳಿನ್ನೂ ಆರು ವರ್ಷದವಳು. ಬೇರೆಯವರ ಕೈ ಬೇಡ ಎಂದು ಆರ್ವಿಡ್ ತಾನೇ ಗುಂಡಿ ತೋಡಿದ. ಆಮೇಲೆ ಆ ಸನಿಕೆಯನ್ನು ಕೆಳಗಿಡಲೇ ಇಲ್ಲ. ಊರಲ್ಲಿ ಯಾರೇ ಸತ್ತರೂ ಗುಂಡಿ ಅವನದೇ. ಚಳಿಗಾಲದಲ್ಲಿ ನೆಲಮಾಳಿಗೆಯ ಕಲ್ಲಿದ್ದಲ ಒಲೆ ಹೊತ್ತಿಸಿ ಚರ್ಚನ್ನು ಬೆಚ್ಚಗಿಡುವವನೂ ಅವನೇ. ಆದರೆ ಮಗಳನ್ನು ಮಣ್ಣು ಮಾಡಿದ ದಿನದಿಂದ ಅವನು ಮೆಟ್ಟಿಲು ಹತ್ತಿ ಮೇಲಿನ ಬೆಂಚಿನಲ್ಲಿ ಕೂರಲಿಲ್ಲ, ಯೇಸುವಿನ ಹೆಸರಲ್ಲಿ ಹಂಚುವ ಪ್ರಭುಭೋಜನದ ರೊಟ್ಟಿ ಮುಟ್ಟಲಿಲ್ಲ. ಹಳೇ ಪಾದ್ರಿ ಒಮ್ಮೆ ಯಾಕೆಂದು ಕೇಳಿದ್ದರು.

“ದೇವರಿಗೂ ನಂಗೂ ಮಾತಿಲ್ಲ ಪಾದ್ರಿಗಳೇ,” ಎಂದಿದ್ದ ಆರ್ವಿಡ್. “ಹಂಗಂತ ಅವನ ಮನೆ ಬೆಚ್ಚಗಿಡಬಾರ್ದು ಅಂತೇನಿಲ್ವಲ್ಲ.”

ಹಳೇ ಪಾದ್ರಿ ನಕ್ಕು ಅವನನ್ನು ಅವನ ಪಾಡಿಗೆ ಬಿಟ್ಟರು. ಅವರು ನಿವೃತ್ತರಾದ ಮೇಲೆ ಬಂದವರು ಪಾಸ್ಟರ್ ಫಾಲ್ಕ್. ವಯಸ್ಸು ಚಿಕ್ಕದು, ಓದು ದೊಡ್ಡದು, ದನಿ ಚೆನ್ನ. ಜೊತೆಗೆ ಮುದಿ ತಾಯಿ ಹೆಡ್ವಿಗ್. ಫಾಲ್ಕ್ ಕೆಟ್ಟ ಮನುಷ್ಯ ಅಲ್ಲ, ಅದನ್ನು ನಾನು ಹೇಳಲೇಬೇಕು. ಕೆಟ್ಟವರಾಗಿದ್ದಿದ್ದರೆ ನಮ್ಮ ಕೆಲಸ ಸಲೀಸಾಗುತ್ತಿತ್ತು. ಅವರು ಹೇಳುವುದನ್ನು ಅವರು ನಿಜವಾಗಿ ನಂಬಿದ್ದರು. ಮನುಷ್ಯನನ್ನು ಉಳಿಸುವುದು ದೇವರ ಕೃಪೆ. ಅದು ಸಿಗುವುದು ನಂಬಿಕೆಯಿಂದ, ಕೆಲಸದಿಂದಲ್ಲ. ಇದು ನಮ್ಮ ಹಳೇ ಪಾಠವೇ, ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ್ದೇ. ಆದರೆ ಕಾಫಿ ಬಗ್ಗಿಸಿ ಯಾರೂ ಸ್ವರ್ಗ ಗಿಟ್ಟಿಸಲಾರರು ಎಂದು ಫಾಲ್ಕ್ ಬಂದ ಮೊದಲ ತಿಂಗಳಲ್ಲೇ ಉಪದೇಶದಲ್ಲಿ ಹೇಳಿದಾಗ ಎಲ್ಲರೂ ಗುದ್ರುನಳ ಕಡೆ ತಿರುಗಿದರು. ಅವಳೂ ನಕ್ಕಳು.

“ಸ್ವರ್ಗಕ್ಕೆ ಅಂತ ಯಾರು ಕಾಫಿ ಕಾಯಿಸ್ತಾರೆ? ಜನಕ್ಕೆ ಬಾಯಾರಿರುತ್ತೆ, ಕಾಯಿಸ್ತೀನಿ,” ಎಂದು ನನ್ನ ಕಿವಿಯಲ್ಲಿ ಹೇಳಿದಳು.

ಆ ಜನವರಿಯ ಒಂದು ಭಾನುವಾರ ಉಪದೇಶ ನಡೆಯುತ್ತಿರುವಾಗ ನಮ್ಮೆಲ್ಲರ ಕಾಲು ತಣ್ಣಗಾಗತೊಡಗಿತು. ಮೊದಲು ಯಾರೂ ಗಮನಿಸಲಿಲ್ಲ. ಆಮೇಲೆ ಬಾಯಿಂದ ಉಸಿರು ಹೊಗೆಯಾಗಿ ಬರತೊಡಗಿದಾಗ ಗುದ್ರುನ್ ಎದ್ದು ಕೆಳಗೆ ಓಡಿದಳು. ಆರ್ವಿಡ್ ಒಲೆಯ ಮುಂದೆ ಒರಗಿದ್ದ. ಕೈಯಲ್ಲಿ ಕಲ್ಲಿದ್ದಲ ಸಲಿಕೆ ಹಾಗೇ ಇತ್ತು. ನಾವು ಮೇಲೆ ತಣ್ಣಗಾದ ಮೇಲಷ್ಟೇ ಅವನು ತಣ್ಣಗಾದದ್ದು ನಮಗೆ ತಿಳಿಯಿತು.

ಜನವರಿಯಲ್ಲಿ ನಮ್ಮ ನೆಲ ಕಬ್ಬಿಣ. ಹಾರೆ ಹಾಕಿದರೆ ಕಿಡಿ ಹಾರುತ್ತದೆ. ಚಳಿಗಾಲದಲ್ಲಿ ಸತ್ತವರಿಗೆ ಚರ್ಚಿನಲ್ಲಿ ಪ್ರಾರ್ಥನೆ ಮಾಡಿ, ಪೆಟ್ಟಿಗೆಯನ್ನು ಸಮಾಧಿ ತೋಟದ ಮೂಲೆಯ ಕಲ್ಲುಮನೆಯಲ್ಲಿ ಇಟ್ಟು, ವಸಂತದಲ್ಲಿ ನೆಲ ಕರಗಿದ ಮೇಲೆ ಹೂಳುವುದು ರೂಢಿ. ಆರ್ವಿಡ್‌ಗೂ ಹಾಗೇ ಆಯಿತು. ಪ್ರಾರ್ಥನೆಯ ದಿನ ನಾವು ಅಡುಗೆಯ ಹೆಂಗಸರು ಏಪ್ರನ್ ಕಟ್ಟಿಕೊಂಡೇ ಹಿಂದಿನ ಗೋಡೆಗೆ ಸಾಲಾಗಿ ನಿಂತಿದ್ದೆವು. ಆರ್ವಿಡ್‌ನ ದುಡಿಮೆಯನ್ನು ಊರೆಲ್ಲ ಬಲ್ಲದು ಎಂದು ಫಾಲ್ಕ್ ಶುರುಮಾಡಿದರು. ಆದರೆ ದೇವರ ಮುಂದೆ ನಮ್ಮ ಒಳ್ಳೆಯ ಕೆಲಸಗಳೆಲ್ಲ ಹೊಲಸು ಬಟ್ಟೆ ಎಂದು ಬೈಬಲಿನ ಪ್ರವಾದಿಯೇ ಹೇಳಿದ್ದಾನೆ, ಆದ್ದರಿಂದ ಅವನ ಸನಿಕೆಯ ಮೇಲೆ ಯಾರೂ ಭರವಸೆ ಇಡಬೇಡಿ ಎಂದರು. ಸತ್ತವನ ಹೆಂಡತಿ ಮೊದಲ ಬೆಂಚಿನಲ್ಲಿ ಕೂತಿದ್ದಳು. ನನಗೆ ನನ್ನ ಮೈಮೇಲಿನ ಏಪ್ರನ್ ಸುಡುವಂತಾಯಿತು.

ಅಷ್ಟಕ್ಕೇ ನಿಂತಿದ್ದರೆ ಗುದ್ರುನ್ ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಮುಂದಿನ ವಾರ ಫಾಲ್ಕ್ ಚರ್ಚಿನ ಸಭೆಯ ಹಿರಿಯರನ್ನು ಕೂರಿಸಿಕೊಂಡು ಒಂದು ಹಳೇ ನಿಯಮ ಎತ್ತಿದರು. ಚರ್ಚಿನ ಮಣ್ಣು ಪ್ರಭುಭೋಜನದಲ್ಲಿ ಪಾಲುಗೊಂಡವರಿಗೆ ಮಾತ್ರ. ಆರ್ವಿಡ್‌ನನ್ನು ರೈಲು ಹಳಿಯಾಚೆಯ ಸರ್ಕಾರಿ ಮಣ್ಣಿಗೆ ಹಾಕಬೇಕು, ದಿಕ್ಕಿಲ್ಲದವರನ್ನು ಹಾಕುವ ಜಾಗಕ್ಕೆ. ಹಿರಿಯರು ಒಬ್ಬೊಬ್ಬರಾಗಿ ಕೈ ಎತ್ತಿದರು. ಅದರಲ್ಲಿ ನನ್ನ ಗಂಡ ಎಲ್ಮರನ ಕೈಯೂ ಒಂದು. ಇಂಗಾಳ ಪುಟ್ಟ ಕಲ್ಲಿನ ಪಕ್ಕ ಅಪ್ಪ ಅಮ್ಮನಿಗೆ ಅಂತ ಬಿಟ್ಟ ಜಾಗ ಇತ್ತು. ಆರ್ವಿಡ್ ಪ್ರತಿ ಬೇಸಿಗೆಯಲ್ಲೂ ಅಲ್ಲಿನ ಹುಲ್ಲು ಕತ್ತರಿಸುತ್ತಿದ್ದ. ಈಗ ನೆಲ ಕರಗುವುದರೊಳಗೆ ಅದನ್ನು ಅವನಿಗೆ ದಕ್ಕಿಸಬೇಕು. ಗುದ್ರುನಳಿಗೆ ಬದುಕಿನಲ್ಲಿ ಬೇಕಾಗಿದ್ದು ಇನ್ನು ಅದೊಂದೇ.

ಫಾಲ್ಕ್ ತಾವೇ ಅವಳ ಮನೆಗೆ ಬಂದರು. ನಾನೂ ಇದ್ದೆ.

“ಕೊನೇ ದಿನಗಳಲ್ಲಿ ಆರ್ವಿಡ್ ಏನಾದ್ರೂ ಹೇಳಿದ್ರಾ?” ಎಂದು ಕೇಳಿದರು. “ಪ್ರಭು ಮೇಲೆ ನಂಬಿಕೆ ಇದೆ ಅಂತ ಒಂದೇ ಒಂದು ಮಾತು. ನೀವು ಕೇಳಿಸ್ಕೊಂಡೆ ಅಂದ್ರೆ ಸಾಕು, ನಾನು ಒಪ್ಕೋತೀನಿ.”

ನಾನು ಮೇಜಿನ ಕೆಳಗೆ ಅವಳ ಕಾಲು ಒತ್ತಿದೆ. ಹೂಂ ಅಂದುಬಿಡು ಮಾರಾಯ್ತಿ, ಒಂದು ಹೂಂಗೆ ಏನು ಹೋಗುತ್ತದೆ?

“ಹೇಳಿದ,” ಎಂದಳು ಗುದ್ರುನ್. “ಬೂದಿ ಡಬ್ಬ ತುಂಬಿದೆ, ಪ್ರಾರ್ಥನೆ ಮುಗಿದ ಮೇಲೆ ಸುರೀತೀನಿ ಅಂದ.”

“ನಂಬಿಕೆ ಬಗ್ಗೆ?”

“ಇಲ್ಲ. ಸುಳ್ಳು ಹೇಳಿ ಅವನನ್ನ ಬೇಲಿ ಹಾರಿಸಲ್ಲ ನಾನು. ಅವನು ಇದ್ದ ಹಾಗೇ ಒಳಗೆ ಬರ್ಬೇಕು.”

ಫಾಲ್ಕ್‌ಗೆ ನಿಜವಾಗಿ ಸಂಕಟವಾಯಿತು, ಮುಖದಲ್ಲಿ ಕಾಣುತ್ತಿತ್ತು. “ಗುಂಡಿ ತೋಡಿದ್ದಕ್ಕೆ ಅಂತ ಜಾಗ ಕೊಟ್ರೆ, ಕೃಪೆನ ದುಡಿದು ಸಂಪಾದಿಸ್ಬಹುದು ಅಂತ ನಾನೇ ಸಾರಿದ ಹಾಗಾಗುತ್ತೆ ಗುದ್ರುನ್. ಕೃಪೆ ಪುಕ್ಕಟೆ. ಯೋಗ್ಯತೆ ಇದ್ದೋರಿಗೆ ಕೊಡೋದಲ್ಲ ಅದು. ಯಾರಿಗೂ ಆ ಯೋಗ್ಯತೆ ಇಲ್ಲ, ನನಗೂ ಇಲ್ಲ.”

“ಪುಕ್ಕಟೆ,” ಎಂದಳು ಗುದ್ರುನ್. ಎದ್ದು ಹೋಗಿ ಅವರ ಕೋಟು ತಂದುಕೊಟ್ಟಳು. ಅವಳ ಮನೆಯಿಂದ ಕಾಫಿ ಕುಡಿಯದೆ ಹೊರಬಿದ್ದ ಮೊದಲ ಮನುಷ್ಯ ಅವರೇ ಇರಬೇಕು.

ಮರುದಿನ ಅವಳು ಅಡುಗೆಮನೆಯ ಹೆಂಗಸರನ್ನೆಲ್ಲ ಕರೆದಳು.

“ನಮ್ಮ ಕೆಲಸ ಹೊಲಸು ಬಟ್ಟೆ ಅಂತ ಪಾದ್ರಿಗಳು ಹೇಳಿದಾರೆ. ದೇವರ ಮನೇಲಿ ಹೊಲಸು ಯಾಕಿಡ್ಬೇಕು ಕಣ್ರೇ? ಬಿಚ್ಚಿ ಏಪ್ರನ್.”

ಎಲ್ಲವನ್ನೂ ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ, ಬುಟ್ಟಿಯಲ್ಲಿ ಜೋಡಿಸಿ ಪಾದ್ರಿ ಮನೆಯ ಬಾಗಿಲಿಗೆ ಇಟ್ಟು ಬಂದೆವು. ಗುದ್ರುನ್ ನೆಲಮಾಳಿಗೆಯ ಅಡುಗೆಮನೆಗೆ ಬೀಗ ಹಾಕಿ ಕೀಲಿಯನ್ನು ಕೊರಳಿಗೆ ಕಟ್ಟಿಕೊಂಡಳು. ಬುಟ್ಟಿ ಇಡುವಾಗ ಬಾಗಿಲು ತೆರೆದ ಫಾಲ್ಕ್‌ಗೆ ಅವಳು ಹೇಳಿದ್ದು ಇಷ್ಟೇ: “ಇನ್ಮೇಲೆ ನಂಬಿಕೆನೇ ಕಾಫಿ ಕಾಯಿಸ್ಲಿ. ಕುದಿ ಬಂದಾಗ ನಂಗೊಂದು ಮಾತು ಹೇಳಿಕಳ್ಸಿ.”

ಆ ಚಳಿಗಾಲ ನಮಗೆ ಹಬ್ಬ. ನಾಚಿಕೆಯಿಲ್ಲದೆ ಹೇಳುತ್ತೇನೆ. ಈಸ್ಟರಿಗೆ ಮುಂಚಿನ ಬುಧವಾರಗಳಲ್ಲಿ ನಾವು ಸೂಪು ಮಾಡಿ ಹಾಕುತ್ತಿದ್ದೆವು, ಜನ ಅದಕ್ಕೇ ಬರುತ್ತಿದ್ದರು. ಆ ವರ್ಷ ಹೊಟ್ಟೆ ಚುರುಗುಟ್ಟಿಸಿಕೊಂಡು ಕೀರ್ತನೆ ಹಾಡಿ ಹೋದರು. ಒಲೆ ಹೊತ್ತಿಸುವ ಸರದಿ ಹಿರಿಯರಿಗೆ ಬಂತು. ಎಲ್ಮರ್ ಹೊತ್ತಿಸಿದ ದಿನ ಹೊಗೆಯೆಲ್ಲ ಮೇಲೆ ಬಂದು ಮೂರನೇ ಕೀರ್ತನೆಗೆ ಅರ್ಧ ಸಭೆ ಹೊರಗಿತ್ತು. ಫಾಲ್ಕ್ ದಪ್ಪ ಕೋಟು, ಕೈಗವಸು ಹಾಕಿಕೊಂಡು ಉಪದೇಶ ಮಾಡುತ್ತಿದ್ದರು. ನಾನು ಅವರ ಮೂಗಿನ ತುದಿಯ ಹನಿ ನೋಡುತ್ತ ಕೂತಿರುತ್ತಿದ್ದೆ.

ಮನೆಯಲ್ಲೂ ಬಿಡಲಿಲ್ಲ.

“ಊಟ ಎಲ್ಲಿ?” ಎಂದ ಒಂದು ದಿನ ಎಲ್ಮರ್.

“ಇದೆ ಅಂತ ನಂಬು.”

“ತಮಾಷೆ ಸಾಕು ಸೆಲ್ಮಾ.”

“ತಮಾಷೆ ಅಲ್ಲ. ಅವತ್ತು ಮೇಲೆತ್ತಿದ ಕೈ ಇದೆಯಲ್ಲ, ಅದಕ್ಕೆ ಸೌಟು ಹಿಡಿಯೋಕೆ ಬರುತ್ತಾ ನೋಡು.”

ನಮ್ಮ ನಗುವಿಗೆ ತಣ್ಣೀರು ಬಿದ್ದದ್ದು ಮಾರ್ಚಿನಲ್ಲಿ. ಫಾಲ್ಕರ ತಾಯಿ ಹೆಡ್ವಿಗ್ ತೀರಿಕೊಂಡಳು.

ಆ ಮುದುಕಿ ಬಂದ ದಿನದಿಂದ ಚಳಿ ತಡೆಯದೆ ನೆಲಮಾಳಿಗೆಯಲ್ಲಿ ಆರ್ವಿಡ್‌ನ ಒಲೆಯ ಮುಂದೆ ಕಾಲು ಚಾಚಿ ಕೂರುತ್ತಿದ್ದಳು. ಸಕ್ಕರೆ ತುಂಡನ್ನು ಹಲ್ಲಲ್ಲಿ ಕಚ್ಚಿಕೊಂಡು ಸಾಸರಿನಿಂದ ಕಾಫಿ ಹೀರುತ್ತಿದ್ದಳು. ಇಬ್ಬರೂ ಮಾತಾಡುತ್ತಿದ್ದದ್ದು ಕಡಿಮೆ. ಅಡುಗೆಮನೆಗೆ ಬೀಗ ಬಿದ್ದ ಮೇಲೂ ಅವಳು ಒಮ್ಮೆ ಹಿಮದಲ್ಲಿ ಕೋಲೂರಿಕೊಂಡು ಗುದ್ರುನಳ ಮನೆಗೆ ಬಂದಿದ್ದಳು.

“ನನ್ನ ಮಗ ತುಂಬಾ ಓದಿದಾನಮ್ಮ,” ಎಂದಿದ್ದಳು. “ಜೀವಮಾನದಲ್ಲಿ ಒಂದು ಲೋಟ ತೊಳೆದಿಲ್ಲ. ತೊಳೆಯೋಕೆ ನಾನು ಬಿಡ್ಲಿಲ್ಲ. ತಪ್ಪು ನಂದೇ.”

ಅಂಥವಳ ಸಾವಿಗೂ ಗುದ್ರುನ್ ಬೀಗ ತೆಗೆಯಲಿಲ್ಲ. ಪ್ರಾರ್ಥನೆ ಮುಗಿಯಿತು. ಜನ ಅಭ್ಯಾಸಬಲದಿಂದ ಮೆಟ್ಟಿಲಿಳಿದು ಕೆಳಗೆ ಹೋದರು. ಪಕ್ಕದ ಅಯೋವಾ ರಾಜ್ಯದಿಂದ ಬಂದ ಫಾಲ್ಕರ ನೆಂಟರೂ ಹಿಂದೆಯೇ ಹೋದರು. ಕೆಳಗೆ ದೀಪವಿಲ್ಲ, ಬರಿಯ ಮೇಜುಗಳು. ಎಲ್ಲರೂ ಕೋಟು ಬಿಚ್ಚದೆ ಗೋಡೆಗೆ ಒರಗಿ ನಿಂತರು. ಫಾಲ್ಕ್ ಮನೆಗೆ ಓಡಿ ಒಂದು ಪೊಟ್ಟಣ ಬಿಸ್ಕತ್ತು ತಂದು ತೆರೆಯಲು ಹೋದರೆ ಪೊಟ್ಟಣ ಹರಿದು ಅರ್ಧ ನೆಲಕ್ಕೆ ಚೆಲ್ಲಿತು. ಯಾರೂ ಬಗ್ಗಿ ಹೆಕ್ಕಲಿಲ್ಲ. ನನಗೆ ಬಾಗಿಲು ಒಡೆದು ಒಲೆ ಹಚ್ಚಬೇಕೆನಿಸಿತು. ಹೊರಗೆ ಬಂದರೆ ಗುದ್ರುನ್ ಕಲ್ಲುಮನೆಯ ಹತ್ತಿರ ಗಾಳಿಯಲ್ಲಿ ನಿಂತಿದ್ದಳು.

“ಆ ಮುದುಕಿ ನಿಂಗೇನು ಮಾಡಿದ್ಲೇ?” ಎಂದೆ.

“ಏನೂ ಮಾಡಿಲ್ಲ. ಅದಕ್ಕೇ ಯಾರ ಮುಖನೂ ನೋಡೋಕಾಗ್ದೆ ಇಲ್ಲಿ ನಿಂತಿದೀನಿ.” ಅವಳು ಕೊರಳಿನ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. “ನೋವಾಗುತ್ತೆ ಅಂತ ಬಿಟ್ಬಿಡೋದಾದ್ರೆ ಅದು ಸೇಡಲ್ಲ ಸೆಲ್ಮಾ, ಬರೀ ಮುನಿಸು.”

ಹೆಡ್ವಿಗಳ ಪೆಟ್ಟಿಗೆಯೂ ಕಲ್ಲುಮನೆ ಸೇರಿತು. ಆರ್ವಿಡ್ ಮತ್ತು ಅವಳು ಮತ್ತೆ ಅಕ್ಕಪಕ್ಕ, ಈ ಸಲ ಒಲೆಯಿಲ್ಲದೆ.

ಏಪ್ರಿಲ್ ಬಂತು. ಹಿಮ ಕರಗಿ ದಿಬ್ಬದ ಮೇಲೆ ಕಪ್ಪು ಮಣ್ಣು ಕಂಡಿತು. ಬಿಸಿಲು ಏರುತ್ತಿದ್ದಂತೆ ಕಲ್ಲುಮನೆಯಲ್ಲಿ ಪೆಟ್ಟಿಗೆಗಳನ್ನು ಹೆಚ್ಚು ದಿನ ಇಡುವಂತಿಲ್ಲ. ಗುಂಡಿ ತೋಡಲು ಫಾಲ್ಕ್ ಗಂಡಸರನ್ನು ಕೇಳಿದರು. ಇಡೀ ಸಭೆಗೆ ಒಟ್ಟಿಗೇ ಬೆನ್ನು ನೋವು ಬಂತು. ಒಬ್ಬನಿಗೆ ಸೊಂಟ ಹಿಡಿದಿತ್ತು, ಇನ್ನೊಬ್ಬನಿಗೆ ಬಿತ್ತನೆ ಇತ್ತು. ಅವರಿಗೆಲ್ಲ ಮನೆಯಲ್ಲಿ ನಾವು ಏನು ಹೇಳಿದ್ದೆವು ಎಂಬುದು ಇಲ್ಲಿ ಬೇಡ. ಪಟ್ಟಣದ ಅಗೆಯುವ ಯಂತ್ರ ದಿಬ್ಬದ ಕೆಸರಲ್ಲಿ ಹೂತುಹೋಗುತ್ತದೆ ಎಂದು ಅದರ ಮಾಲೀಕರೂ ಬರಲಿಲ್ಲ. ಫಾಲ್ಕ್ ಕೂಲಿಯಾಳು ಹುಡುಕಿಕೊಂಡು ಕಾರು ತೆಗೆದುಕೊಂಡು ದೂರದ ಊರಿಗೆ ಹೋದರು.

ಅವರು ಹೋದ ಬೆಳಿಗ್ಗೆಯೇ ಗುದ್ರುನ್ ಆರ್ವಿಡ್‌ನ ಸನಿಕೆ ಹೆಗಲಿಗಿಟ್ಟುಕೊಂಡು ನಮ್ಮ ಬೇಲಿಯ ಮುಂದೆ ಹಾದುಹೋದಳು. ನಾನು ಬೂಟು ಏರಿಸಿಕೊಂಡು ಇನ್ನೊಂದು ಸನಿಕೆ ಹಿಡಿದು ಹಿಂದೆ ಓಡಿದೆ. ಇಂಗಾಳ ಕಲ್ಲಿನ ಹತ್ತಿರ ನಿಲ್ಲುತ್ತಾಳೆ ಎಂದುಕೊಂಡಿದ್ದೆ. ಅವಳು ಅದನ್ನು ದಾಟಿ ಪಾದ್ರಿಗಳಿಗೂ ಅವರ ಮನೆಯವರಿಗೂ ಮೀಸಲಾದ ಸಾಲಿಗೆ ಹೋಗಿ ನೆಲಕ್ಕೆ ಸನಿಕೆ ಒತ್ತಿದಳು.

“ಇದ್ಯಾಕೆ? ಇದು ಮುದುಕಿ ಜಾಗ,” ಎಂದೆ.

“ಮೊದಲು ಅವಳದು. ಆಮೇಲೆ ಆರ್ವಿಡ್‌ದು. ಅಗಿ ಸುಮ್ನೆ.”

ಅಗೆದೆವು. ಅರವತ್ತು ದಾಟಿದ ಇಬ್ಬರು ಹೆಂಗಸರು. ಮಧ್ಯಾಹ್ನದ ಹೊತ್ತಿಗೆ ನನ್ನ ಅಂಗೈ ಬೊಬ್ಬೆ ಎದ್ದಿತು. ಆಗ ದಾರಿಯಲ್ಲಿ ಎಲ್ಮರ್ ಗುದ್ದಲಿ ಹೊತ್ತು ಬರುವುದು ಕಾಣಿಸಿತು. ಅವನ ಹಿಂದೆ ಇನ್ನೂ ಮೂವರು ಹಿರಿಯರು.

“ಬೆನ್ನು?” ಎಂದೆ.

“ಈಗ ಪರವಾಗಿಲ್ಲ,” ಎಂದು ಗುಂಡಿಗಿಳಿದ. ತಲೆ ಎತ್ತಲಿಲ್ಲ.

ಮರುದಿನ ಫಾಲ್ಕ್ ಬರಿಗೈಯಲ್ಲಿ ಹಿಂದಿರುಗಿದಾಗ ಎರಡು ಗುಂಡಿಗಳೂ ಸಿದ್ಧವಾಗಿದ್ದವು. ಕಾರಿನ ಬಾಗಿಲು ಹಾಕುವುದನ್ನೂ ಮರೆತು ಮೇಲೆ ಬಂದರು. ತಾಯಿಯ ಜಾಗದ ಮುಂದೆ ನಿಂತರು. ಗೋಡೆ ಎಬ್ಬಿಸಿದ ಹಾಗೆ ನೇರವಾದ ಬದಿಗಳು, ಪಕ್ಕದಲ್ಲಿ ಮಣ್ಣಿನ ಗುಡ್ಡೆ. ಅವರ ಕಣ್ಣು ತುಂಬಿ ಬಂತು.

“ಗುದ್ರುನ್, ನಾನು ನಿಮಗೆ ಅಷ್ಟೆಲ್ಲ ಮಾಡಿದ ಮೇಲೂ...”

“ಅದನ್ನೇ ಹೇಳೋಣ ಅಂತ ಕಾಯ್ತಿದ್ದೆ.” ಗುದ್ರುನ್ ಸನಿಕೆಯ ಮೇಲೆ ಎರಡೂ ಕೈ ಊರಿ ನಿಂತಳು. ಊರಿನ ಅರ್ಧ ಜನ ಅಲ್ಲಿದ್ದೆವು. “ನೀವು ಇದಕ್ಕೆ ದುಡಿದಿಲ್ಲ ಪಾದ್ರಿಗಳೇ. ಇದಕ್ಕೆ ನಿಮಗೆ ಯೋಗ್ಯತೆ ಇಲ್ಲ. ನನ್ನ ಗಂಡ ಸತ್ತ ಮೇಲೆ ನೀವು ನಂಗೆ ಕೊಟ್ಟಿದ್ದಕ್ಕೆ ಬೇರೆ ಏನೋ ಸಿಗ್ಬೇಕಿತ್ತು ನಿಮಗೆ. ಆದ್ರೂ ಕೊಡ್ತಿದೀನಿ. ಪುಕ್ಕಟೆ. ನೀವೇ ಕಲಿಸಿದ ಮಾತು.”

ಫಾಲ್ಕ್ ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡರು.

“ಅಲ್ಲಿ ಇನ್ನೊಂದಿದೆ ನೋಡಿ, ನನ್ನ ಮಗಳ ಪಕ್ಕ. ಅದು ಆರ್ವಿಡ್‌ದು. ಅವನಿಗೂ ಯೋಗ್ಯತೆ ಇಲ್ಲ ಅಂದ್ರಿ. ಆಯ್ತು, ಇಲ್ಲ. ಎರಡನ್ನೂ ಒಂದೇ ಸನಿಕೇಲಿ ತೋಡಿದೀವಿ. ತಗೊಳ್ಳೋದಾದ್ರೆ ಎರಡನ್ನೂ ತಗೊಳ್ಳಿ. ಅವನದು ಬೇಡ ಅಂದ್ರೆ ನಿಮ್ಮ ತಾಯಿದನ್ನೂ ಈಗಲೇ ಮುಚ್ತೀನಿ. ಆಮೇಲೆ ಹಳಿಯಾಚೆ ಇಬ್ಬರಿಗೂ ಜಾಗ ಇದೆ.”

ಅವಳು ಹೇಳಿದ್ದನ್ನು ಮಾಡಿಯೇ ತೀರುವವಳು. ಸನಿಕೆ ಮಣ್ಣಿನ ಗುಡ್ಡೆಗೆ ಚುಚ್ಚಿಯೇ ಇತ್ತು. ಎಲ್ಮರ್ ಒಂದು ಹೆಜ್ಜೆ ಮುಂದಿಟ್ಟ, ನಾನು ಅವನ ತೋಳು ಹಿಡಿದೆ. ಫಾಲ್ಕ್ ಆ ಗುಂಡಿಯನ್ನು ನೋಡಿದರು, ಈ ಗುಂಡಿಯನ್ನು ನೋಡಿದರು. ಇಷ್ಟು ಓದಿದ ಮನುಷ್ಯನಿಗೆ ಉತ್ತರ ಸಿಗದೆ ಇರಲಾರದು. ಹುಡುಕಿದರೋ ಇಲ್ಲವೋ ಗೊತ್ತಿಲ್ಲ. ಕೊನೆಗೆ ಟೋಪಿ ತೆಗೆದರು.

“ಮೊದಲು ಯಾರನ್ನ ತರ್ಲಿ?” ಎಂದು ಕೇಳಿದರು.

“ನಿಮ್ಮ ತಾಯಿನ. ಆರ್ವಿಡ್ ಯಾವತ್ತೂ ಬೇರೆಯವರನ್ನ ಕಾಯಿಸಿ ತಾನು ಮುಂದೆ ಹೋದವನಲ್ಲ.”

ಇಬ್ಬರನ್ನೂ ಆ ಸಂಜೆಯ ಬಿಸಿಲಿರುವಾಗಲೇ ಮಣ್ಣು ಮಾಡಿದೆವು. ಎರಡೂ ಕಡೆ ಫಾಲ್ಕ್ ಒಂದೇ ಪ್ರಾರ್ಥನೆ ಓದಿದರು, ಒಂದು ಅಕ್ಷರ ಹೆಚ್ಚು ಕಡಿಮೆ ಇಲ್ಲದೆ. ಗುದ್ರುನ್ ಅಕ್ಷರ ಅಕ್ಷರಕ್ಕೂ ಕಿವಿಗೊಟ್ಟು ನಿಂತಿದ್ದಳು.

ಆಮೇಲೆ ಕೊರಳಿನ ಕೀಲಿ ತೆಗೆದಳು. ಅಡುಗೆಮನೆಯ ಬಾಗಿಲು ತೆರೆಯಿತು, ಕಾಫಿ ಕುದಿಯಿತು, ಮೊಟ್ಟೆ ಬಿತ್ತು. ಮನೆಮನೆಯಿಂದ ಹೆಂಗಸರು ಪಾತ್ರೆ ಹಿಡಿದು ಬಂದರು. ಇದೆಲ್ಲ ನಡೆಯುತ್ತಿರುವಾಗ ಫಾಲ್ಕ್ ಆ ಏಪ್ರನ್ ಬುಟ್ಟಿಯನ್ನು ಎತ್ತಿಕೊಂಡು ಮೆಟ್ಟಿಲಿಳಿದು ಬಂದು ಬಾಗಿಲಲ್ಲಿ ನಿಂತರು. ಇಸ್ತ್ರಿಯ ಮಡಿಕೆ ಹಾಗೇ ಇತ್ತು. ಗುದ್ರುನ್ ಬುಟ್ಟಿಯಿಂದ ಒಂದನ್ನು ತೆಗೆದು ಅವರ ಎದೆಗೆ ಒತ್ತಿ, ಪಾತ್ರೆ ತೊಳೆಯುವ ತೊಟ್ಟಿಯ ಕಡೆ ಗದ್ದದಿಂದ ತೋರಿಸಿದಳು.

ಅವರು ಏಪ್ರನ್ ಕಟ್ಟಿಕೊಂಡು ತೋಳು ಮಡಿಚಿ ಲೋಟ ತೊಳೆಯಲು ನಿಂತರು. ಸೋಪಿನ ನೊರೆ ಮೊಣಕೈವರೆಗೆ. ಮೊದಲನೇ ಲೋಟ ತೊಳೆದು ಅವಳ ಕೈಗೆ ಕೊಟ್ಟರು. ಗುದ್ರುನ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಅತ್ತಿತ್ತ ತಿರುಗಿಸಿ ನೋಡಿ, ಮತ್ತೆ ನೀರಿಗೆ ಹಾಕಿದಳು.

“ಕಲೆ ಇದೆ. ಇನ್ನೊಂದ್ಸಲ.”

ಅವರು ಮತ್ತೆ ತೊಳೆದರು. ಆಮೇಲೆ ಅವರು ನಮ್ಮಲ್ಲಿದ್ದಷ್ಟು ವರ್ಷ ಯಾರ ಸಾವಿನ ಊಟವಾದರೂ ಲೋಟ ತೊಳೆಯಲು ಬಂದರು. ಪ್ರತಿ ಸಲವೂ ಗುದ್ರುನ್ ಮೊದಲನೇ ಲೋಟವನ್ನು ವಾಪಸ್ಸು ನೀರಿಗೆ ಹಾಕುತ್ತಿದ್ದಳು. ಅವರೂ ಎದುರಾಡದೆ ತೊಳೆಯುತ್ತಿದ್ದರು. ಇದನ್ನು ನೋಡಿದವರೇ ಈಗ ಕ್ಷಮೆ ಎಂದು ಹೇಳಿಕೊಂಡು ತಿರುಗುವುದು. ನಾನು ಪ್ರತಿ ಸಲ ಅವಳ ಪಕ್ಕದಲ್ಲೇ ಒರೆಸುವ ಬಟ್ಟೆ ಹಿಡಿದು ನಿಂತಿರುತ್ತಿದ್ದೆ. ಯಾವ ಲೋಟದಲ್ಲೂ ಕಲೆ ಇರಲಿಲ್ಲ.